ಬಾಥೆಲ್‌ನಲ್ಲಿ ಕಾಗೆ ಎಣಿಸಿದ ಸಂಜೆಗಳು

ಸಿಯಾಟಲ್‌ಗೆ ಹತ್ತಿರದ ಬಾಥೆಲ್‌ನಲ್ಲಿ ನಾನು ಮನೆ ಮಾಡಿದ ಮೊದಲ ಡಿಸೆಂಬರಿನಲ್ಲಿ, ಸಂಜೆ ನಾಲ್ಕರ ಸುಮಾರಿಗೆ ಬಡಾವಣೆಯ ಮೇಲೆ ಹಾದುಹೋಗುತ್ತಿದ್ದ ಕಾಗೆಗಳ ಸಾಲು ಮುಗಿಯುವ ಲಕ್ಷಣವೇ ಕಾಣುತ್ತಿರಲಿಲ್ಲ. ಅವು ರಾತ್ರಿ ತಂಗುವುದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಾಥೆಲ್ ಆವರಣಕ್ಕೆ ಸೇರಿದಂತಿರುವ, ನಾರ್ತ್ ಕ್ರೀಕ್ ತೊರೆಯ ಜೌಗುನೆಲದ ಮರಗಳಲ್ಲಿ. ಮರಿ ಮಾಡುವ ಕಾಲದಲ್ಲಿ ತಮ್ಮ ತಮ್ಮ ಗೂಡಿನ ಸುತ್ತಲೇ ಇರುವ ಜೋಡಿಗಳೂ ಆ ಕೆಲಸ ಮುಗಿದ ಮೇಲೆ ಬಂದು ಕೂಡಿಕೊಳ್ಳುವುದರಿಂದ, ಚಳಿಗಾಲದಲ್ಲಿ ಈ ಸಂಖ್ಯೆ 10,000 ದಾಟುತ್ತದೆ. ನಮ್ಮೂರ ಕಾಗೆಗಿರುವ ಬೂದು ಕೊರಳು ಇವಕ್ಕಿಲ್ಲ. ಕೊಕ್ಕಿನಿಂದ ಬಾಲದವರೆಗೆ ಪೂರಾ ಕಪ್ಪು.

ಎಣಿಸಿಯೇ ನೋಡೋಣವೆಂದು ಹೊರಟ ನನ್ನ ಮೊದಲ ವಾರದ ಲೆಕ್ಕವೆಲ್ಲ ದಂಡವಾಯಿತು. ಕಾಗೆಗಳು ನೇರವಾಗಿ ಮಲಗುವ ಮರಕ್ಕೆ ಹೋಗುವುದಿಲ್ಲ. ಮೊದಲು ಆಟದ ಮೈದಾನದಲ್ಲಿ, ಕಟ್ಟಡಗಳ ಛಾವಣಿಯ ಮೇಲೆ ನೆರೆದು, ಎದ್ದು, ಸುತ್ತು ಹಾಕಿ, ಮತ್ತೆ ಕೂರುತ್ತವೆ. ನಾನು ನಿಂತದ್ದು ಸರಿಯಾಗಿ ಅಲ್ಲಿಯೇ. ಒಂದು ಸಂಜೆ 9,000, ಮರುದಿನ 3,000 ಎಂದು ಬರೆದುಕೊಂಡ ಮೇಲೆ, ಒಂದೇ ಕಾಗೆಯನ್ನು ಎಷ್ಟು ಸಲ ಎಣಿಸಿರುವೆನೋ ಎಂದು ನನಗೇ ನಗು ಬಂತು.

ಆಮೇಲೆ ಮೈದಾನವನ್ನು ಬಿಟ್ಟು, ಅವು ಹಾದುಬರುವ ದಾರಿಯ ಕೆಳಗಿದ್ದ ನಮ್ಮ ಬೀದಿಯಲ್ಲಿಯೇ ನಿಂತೆ. ಒಂದು ದೀಪದ ಕಂಬಕ್ಕೂ ಎದುರಿನ ಫರ್ ಮರದ ತುದಿಗೂ ನಡುವೆ ಮನಸ್ಸಿನಲ್ಲೇ ಗೆರೆ ಎಳೆದುಕೊಂಡು, ಅದನ್ನು ದಾಟಿದವನ್ನು ಮಾತ್ರ ಎಣಿಸಿ, ಹಿಂದಕ್ಕೆ ಬಂದವನ್ನು ಕಳೆಯುತ್ತಿದ್ದೆ. ಗುಂಪು ದಟ್ಟವಾದಾಗ ಹತ್ತು ಕಾಗೆಗಳನ್ನು ಖಚಿತವಾಗಿ ಎಣಿಸಿ, ಅವು ಆಕಾಶದಲ್ಲಿ ಹಿಡಿಯುವ ಜಾಗವನ್ನು ಕಣ್ಣಿಗೆ ಕಟ್ಟಿಕೊಂಡು, ಉಳಿದದ್ದನ್ನು ಸೇರಿನಲ್ಲಿ ಅಕ್ಕಿ ಅಳೆದಂತೆ ಅಳೆಯುತ್ತಿದ್ದೆ. ಕೈಯಲ್ಲಿದ್ದ ಎಣಿಕೆಯ ಯಂತ್ರದ ಒಂದು ಒತ್ತಿಗೆ ಹತ್ತು ಕಾಗೆ. ಹೀಗೆ ಸತತ ನಾಲ್ಕು ಸಂಜೆ 2,100ರಿಂದ 2,400ರ ಒಳಗೇ ಲೆಕ್ಕ ನಿಂತಾಗ, ಇದು ಅವು ಬರುವ ಹಲವು ದಾರಿಗಳಲ್ಲಿ ಒಂದರದ್ದು ಮಾತ್ರವೆಂದು ಗೊತ್ತಿದ್ದರೂ, ಆ ಅಂಕಿಯ ಮೇಲೆ ನನಗೆ ನಂಬಿಕೆ ಹುಟ್ಟಿತು.

ಐದನೆಯ ಸಂಜೆಯ ಪುಟದಲ್ಲಿ ಮಾತ್ರ ಮೂರು ನಿಮಿಷದ ಜಾಗ ಖಾಲಿಯಿದೆ. ಸಾಲಿನಿಂದ ತಪ್ಪಿಸಿಕೊಂಡ ಕಾಗೆಯೊಂದು ಪಕ್ಕದ ಮನೆಯ ಸೂರಿನ ದೋಣಿಗೆ ಇಳಿದು, ಬಾಯಲ್ಲಿದ್ದ ಬ್ರೆಡ್ಡಿನ ತುಣುಕನ್ನು ಪಾಚಿಯೊಳಗೆ ತುರುಕಿ, ಮೇಲೆ ಒದ್ದೆ ಮೇಪಲ್ ಎಲೆಯನ್ನು ಎಳೆದು ಮುಚ್ಚಿತು. ಅತ್ತಿತ್ತ ನೋಡಿ, ಎಲೆ ಸರಿಸಿ, ತುಣುಕನ್ನು ತೆಗೆದು ಒಂದು ಗೇಣು ಆಚೆಗೆ ಮತ್ತೆ ಹುಗಿಯಿತು. ಬಳಿಕ ಕೊಕ್ಕನ್ನು ತಗಡಿನ ಅಂಚಿಗೆ ಎರಡು ಸಲ ಒರೆಸಿ ಹಾರಿಹೋಯಿತು. ಅಷ್ಟರಲ್ಲಿ ಎಷ್ಟು ಕಾಗೆಗಳು ಗೆರೆ ದಾಟಿದವೋ!

ಡಿಸೆಂಬರಿನಲ್ಲಿ ಇಲ್ಲಿ 4:20ರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. 4:50ಕ್ಕೆ ನಾನು ಎಣಿಕೆ ನಿಲ್ಲಿಸುತ್ತೇನೆ. ಆಗಲೂ ಮೇಲಿನಿಂದ ರೆಕ್ಕೆಯ ಸದ್ದು ಕೇಳುತ್ತಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯುವ ಉಪಾಯ ತೋಚದೆ, ಅಂಕಿಯ ಪಕ್ಕದಲ್ಲಿ 'ಇನ್ನೂ ಬರುತ್ತಿವೆ' ಎಂದಷ್ಟೇ ಬರೆದು ಒಳಗೆ ಹೋಗುತ್ತೇನೆ.