ಬೇಬ್ ರೂತ್‌ಗೂ ತೇವಾಂಶ ನೋಡಬೇಕು

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಬೇಸ್‌ಬಾಲ್ ಬ್ಯಾಟನ್ನು ಕೈಯಲ್ಲಿ ಹಿಡಿದೇ ಇಲ್ಲ. ಆದರೂ ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪಿನ ಸಿಮ್ಯುಲೇಷನ್ ಆಟದಲ್ಲಿ ನಂದೊಂದು ಲೀಗ್ ನಡೆಯುತ್ತದೆ. ಎಂಟು ತಂಡ, ಎಲ್ಲರೂ ಹಿಂದಿನ ಘಟಾನುಘಟಿಗಳು.

ಮೊದಲ ಸಲ ಎಡವಿದೆ. ಅಂಕಿಗಳು ಹೇಗಿದ್ದವೋ ಹಾಗೇ ತುಂಬಿ ಸೀಸನ್ ಓಡಿಸಿಬಿಟ್ಟೆ. ಬ್ಯಾಟಿಂಗ್ ಪಟ್ಟಿಯ ಮೇಲೆಲ್ಲ ಬರೀ 1930ರ ಆಸುಪಾಸಿನವರೇ. ಫ್ರಾಂಕ್ ಬೇಕರ್ ಮೂಲೆ ಸೇರಿದ್ದ. 1913ರಲ್ಲಿ ಅವನು ಹೊಡೆದದ್ದು 12 ಹೋಮ್ ರನ್ (ನಮ್ಮ ಸಿಕ್ಸರಿನಂಥ ಹೊಡೆತ), ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗಿನಲ್ಲಿ ಆ ವರ್ಷ ಅದೇ ಜಾಸ್ತಿ. ಜನ ಅವನನ್ನು ಕರೆಯುತ್ತಿದ್ದದ್ದೇ ‘ಹೋಮ್ ರನ್ ಬೇಕರ್’ ಅಂತ! 1927ರಲ್ಲಿ ಬೇಬ್ ರೂತ್ 60 ಹೊಡೆದ. ಆಟಕ್ಕೆ ಕಾಣೋದು 12 ಮತ್ತು 60, ಅಷ್ಟೇ.

ಮಿಲ್ಲಿಗೆ ಭತ್ತ ಬಂದರೆ ನಾವು ಬರೀ ತೂಕ ನಂಬಲ್ಲ. ಚೀಲಕ್ಕೆ ಬಂಬು ಚುಚ್ಚಿ ಒಂದು ಹಿಡಿ ಕಾಳು ತೆಗೆದು ಮೀಟರಿಗೆ ಹಾಕುತ್ತೇವೆ. ತೇವ ಶೇ. 17 ದಾಟಿದರೆ ಶುರು ಜಗಳ. ಬೇಸ್‌ಬಾಲ್ ಅಂಕಿಗೂ ಇದೇ ಲೆಕ್ಕ ಅಲ್ವಾ? 1930ರಲ್ಲಿ ಇನ್ನೊಂದು ದೊಡ್ಡ ಲೀಗಾದ ನ್ಯಾಷನಲ್ ಲೀಗ್ ಪೂರ್ತಿಯ ಬ್ಯಾಟಿಂಗ್ ಸರಾಸರಿಯೇ .303, ಅಂದರೆ ಸಾವಿರ ಸಲ ಬ್ಯಾಟ್ ಹಿಡಿದರೆ 303 ಸಫಲ ಹೊಡೆತ. 1968ರಲ್ಲಿ ಅಮೆರಿಕನ್ ಲೀಗಿನ ಬ್ಯಾಟಿಂಗ್ ಪಟ್ಟ ಗೆದ್ದ ಕಾರ್ಲ್ ಯಸ್ಟ್ರೆಮ್ಸ್ಕಿಯದು .301. ಅವತ್ತು ಪಿಚರ್‌ಗಳದ್ದೇ, ಅಂದರೆ ಚೆಂಡು ಎಸೆಯುವವರದ್ದೇ ದರ್ಬಾರು. ಬಾಬ್ ಗಿಬ್ಸನ್ ಅದೇ ವರ್ಷ ಒಂಬತ್ತು ಇನಿಂಗ್ಸಿಗೆ 1.12 ರನ್ ಲೆಕ್ಕದಲ್ಲಿ ಕೊಟ್ಟ. ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನೇ 15 ಇಂಚಿನಿಂದ 10ಕ್ಕೆ ಇಳಿಸಿದರು.

ಹಾಗಾಗಿ ಎರಡನೇ ಸಲ ಪ್ರತಿಯೊಬ್ಬನನ್ನೂ ಅವನ ಕಾಲದ ಲೀಗ್ ಸರಾಸರಿಗೆ ಹೋಲಿಸಿ ಅಳೆಯುವ ಆಯ್ಕೆ ಹಾಕಿದೆ. ಇಡೀ ಲೀಗಿನ ಆಟಕ್ಕೆ ಅಳತೆಗೋಲಾಗಿ 1950ರ ದಶಕದ ಒಂದು ವರ್ಷ ಇಟ್ಟೆ. ಬ್ಯಾಟಿನ ಕಡೆಯೂ ಅಲ್ಲ, ಪಿಚರ್ ಕಡೆಯೂ ಅಲ್ಲ. ವಯಸ್ಸಾಗೋದು, ಗಾಯ ಎರಡನ್ನೂ ಬಂದ್ ಮಾಡಿದೆ. ಮೊಣಕೈ ನೋವಿನಿಂದ 30ಕ್ಕೇ ಆಟ ಬಿಟ್ಟ ಪಿಚರ್ ಸ್ಯಾಂಡಿ ಕೂಫ್ಯಾಕ್ಸ್ ಇಲ್ಲೂ ನರಳಬೇಕಾ? ಅದೇ ಕಾರಣಕ್ಕೆ ಪೂರ್ತಿ ವೃತ್ತಿ ಬಿಟ್ಟು ಪ್ರತಿಯೊಬ್ಬನ ಒಳ್ಳೆಯ ಐದು ವರ್ಷ ಮಾತ್ರ ತಗೊಂಡೆ. ಇದು ಮೋಸ ಅನ್ನುವವರಿದ್ದಾರೆ. ಅನ್ನಲಿ ಬಿಡಿ.

ಡ್ರಾಫ್ಟ್ ದಿನ, ಅಂದರೆ ತಂಡಕ್ಕೆ ಆಟಗಾರರನ್ನು ಆರಿಸುವ ದಿನ, ಅಕ್ಕನ ಮಗ ಪಕ್ಕದಲ್ಲಿ ಕೂತಿದ್ದ. ಪಿಚರ್ ಸ್ಯಾಚೆಲ್ ಪೇಜ್ ಹೆಸರು ಒತ್ತಿದೆ.

“ಮಾಮಾ, ಈ ಮುದುಕನ್ನ ಯಾಕ ತಗೊಂಡಿ?”

ಕಾರ್ಡಿನಲ್ಲಿ ವಯಸ್ಸು 42 ಅಂತಿತ್ತು. ತಪ್ಪೇನಲ್ಲ. ಕಪ್ಪು ಜನರಿಗೆ 1947ರವರೆಗೆ ದೊಡ್ಡ ಲೀಗಿನ ಬಾಗಿಲೇ ಮುಚ್ಚಿತ್ತು. ಪೇಜ್ ಅಲ್ಲಿಗೆ ಬಂದದ್ದು 1948ರಲ್ಲಿ. ಕಪ್ಪು ಆಟಗಾರರು ಆಡುತ್ತಿದ್ದ ನೀಗ್ರೊ ಲೀಗ್‌ಗಳ ಅಂಕಿಗಳು ಮೇಜರ್ ಲೀಗ್ ದಾಖಲೆಗೆ ಸೇರಿದ್ದು 2024ರಲ್ಲಿ. ಆ ಲೀಗ್‌ಗಳ ಬ್ಯಾಟರ್ ಜಾಶ್ ಗಿಬ್ಸನ್ ಆಗ ವೃತ್ತಿ ಸರಾಸರಿ .372ರೊಂದಿಗೆ, ಅಲ್ಲಿಯವರೆಗೆ ಮೊದಲಿದ್ದ ಟೈ ಕಾಬ್‌ನನ್ನು ಹಿಂದೆ ಹಾಕಿದ. ಪೇಜ್, ಜಾಶ್ ಗಿಬ್ಸನ್ ಇಬ್ಬರ ರೇಟಿಂಗನ್ನು ನಾನೇ ಕೈಯಾರೆ ತಿದ್ದಿದೆ, ಎರಡು ರಾತ್ರಿ ಹಿಡಿಯಿತು.

ಮೊನ್ನೆ ಪೇಜ್ ರೂತ್‌ನನ್ನು ಮೂರು ಸಲ ಬರಿಗೈಲಿ ವಾಪಸ್ ಕಳಿಸಿದ. ಅಳಿಯ ಈಗ ಆ ಮುದುಕ ತನಗೇ ಬೇಕು ಅಂತ ಗಂಟುಬಿದ್ದಿದ್ದಾನೆ. ಬದಲಿಗೆ ಕಾಬ್‌ನನ್ನು ಕೊಡುತ್ತಾನಂತೆ. ಇನ್ನೂ ಹೂಂ ಅಂದಿಲ್ಲ.