ಅರ್ಬುತನ ಜೊಲ್ಲು ಒರೆಸಿದ್ದು

ಗೋವಿನ ಹಾಡಿಗೆ ಚಿತ್ರ ಬರೆದುಕೊಡಿ ಎಂದು ಪ್ರಕಾಶಕರು ಕೇಳಿದಾಗ ಸಲೀಸಾದ ಕೆಲಸವೆಂದುಕೊಂಡೆ. ಬಾಯಿಪಾಠವಿರುವ ಹಾಡು, ಹಸು ಸಾಧು, ಹುಲಿ ದುಷ್ಟ. ಮೊದಲ ದಿನವೇ ಕೆಂಡಗಣ್ಣಿನ, ಜೊಲ್ಲು ಸುರಿಸುವ ಅರ್ಬುತನನ್ನು ಬರೆದು ಮುಗಿಸಿದೆ.

ಎಡವಿದ್ದು ಹಸುವಿನಲ್ಲಿ. ಮೊಬೈಲಿನಲ್ಲಿ ಸಿಕ್ಕ ಫೋಟೋ ನೋಡಿ ಬರೆದ ಪುಣ್ಯಕೋಟಿಗೆ ಡುಬ್ಬವೇ ಇರಲಿಲ್ಲ. "ಇದು ಗೊಲ್ಲಗೌಡನ ಹಸುವಲ್ಲ ಕಣೋ, ಡೇರಿಯದ್ದು" ಎಂದು ಅಮ್ಮ ನಕ್ಕರು. ಅದನ್ನು ಹರಿದು, ಹಳ್ಳಿಕಾರ್ ಹಸುಗಳನ್ನು ನೋಡಿಕೊಂಡು ಬಂದೆ: ಬೂದು ಮೈ, ನೀಳ ಮುಖ, ಹಿಂದಕ್ಕೆ ಸಾಗಿ ತುದಿಯಲ್ಲಿ ಮುಂದಕ್ಕೆ ಬಾಗುವ ಕೊಂಬು.

ಕೊಟ್ಟಿಗೆಯ ಪುಟದಲ್ಲಿ ತಾಯಿ, ಕರು ಇಬ್ಬರನ್ನೇ ನಡುವೆ ಕೂರಿಸಿ ಸುತ್ತ ಬೆಳಕು ತುಂಬಿದ್ದೆ, ಕ್ಯಾಲೆಂಡರಿನ ದೇವರಿಗೆ ಮಾಡುವಂತೆ. ಆದರೆ ಹಾಡಿನಲ್ಲಿ ಪುಣ್ಯಕೋಟಿ ಮಾತಾಡುವುದು ಉಳಿದ ಹಸುಗಳೊಡನೆಯೂ ಹೌದು. ತಬ್ಬಲಿ ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಬೇಡಿಕೊಳ್ಳುತ್ತದೆ. ಇದು ಉಪದೇಶವಲ್ಲ, ಪರರ ಕರುವನ್ನು ಹಸು ಒದೆಯುತ್ತದೆಂದು ಬಲ್ಲ ದನಗಾಹಿಯ ಮಾತು. ಮರಳಿ ಬರುವೆನೆಂದು ಹುಲಿಗೆ ಕೊಟ್ಟ ಮಾತನ್ನು ಪುಣ್ಯಕೋಟಿ ಉಳಿಸಿಕೊಳ್ಳಬೇಕಾದರೆ ನೆರೆಯವರು ಕರುವಿನ ಹೊಣೆ ಹೊರಬೇಕಿತ್ತು. ಹಾಗಾಗಿ ಪುಟದ ತುಂಬ ಹಸುಗಳನ್ನು ಬರೆದೆ. ಒಂದು ಮಾತ್ರ ಮುಖ ತಿರುಗಿಸಿ ಹುಲ್ಲು ಮೆಲ್ಲುತ್ತಿದೆ. ಊರೆಂದ ಮೇಲೆ ಅಂಥವರೂ ಇರುತ್ತಾರಲ್ಲ!

ಆಮೇಲೆ ಹುಲಿಯತ್ತ ಮರಳಿದೆ. ಹಸಿದ ಪ್ರಾಣಿ, ಬರೀ ಮಾತು ನಂಬಿ, ಬಾಯಿಗೆ ಬಂದ ತುತ್ತನ್ನು ಬಿಟ್ಟು ಕಾದು ಕೂತಿತ್ತು. ನಾನು ಬರೆದ ಹುಲಿ ಯಾರಿಗೂ ಕಾಯುವಂಥದ್ದಾಗಿರಲಿಲ್ಲ. ಜೊಲ್ಲು ಒರೆಸಿದೆ, ಪಕ್ಕೆಲುಬು ಕಾಣಿಸಿದೆ. ಹಸು ಮರಳಿ ಬರುವ ಪುಟದಲ್ಲಿ ಎರಡರ ಕಣ್ಣುಗಳನ್ನೂ ಒಂದೇ ಎತ್ತರಕ್ಕೆ ತಂದೆ. ಹುಲಿ ಅದನ್ನು ಒಡಹುಟ್ಟಿದ ಅಕ್ಕ ಎನ್ನುವುದು ಅಲ್ಲಿಯೇ.

ಜಗಳವಾದದ್ದು ಕೊನೆಗೆ. ಹುಲಿ ಸಾಯುವುದು ಬೇಡ, ಕಾಡಿಗೆ ಹೋಗಲಿ, ಮಕ್ಕಳು ಅಳುತ್ತವೆ ಎಂದರು ಪ್ರಕಾಶಕರು. ಮಕ್ಕಳು ಅಳಬಾರದೆಂಬ ಕಾಳಜಿ ನಮ್ಮ ಕಾಲದ್ದು. ಹಾಡು ಕಟ್ಟಿದವರಿಗೆ ಆ ಅಂಜಿಕೆ ಇರಲಿಲ್ಲ. ನಾನು ಪಟ್ಟು ಬಿಡಲಿಲ್ಲ. ವಾರ ಕಳೆದ ಮೇಲೆ ಒಪ್ಪಂದವಾಯಿತು: ಹಾಡಿನ ಸಾಲು ಹಾಗೆಯೇ ಇರುತ್ತದೆ, ಹೆಣ ಬರೆಯುವುದಿಲ್ಲ. ಮೇಲಕ್ಕೆ ನೆಗೆದ ಹುಲಿಯ ಹಿಂಗಾಲು, ಬಾಲ ಮಾತ್ರ ಪುಟದಲ್ಲಿವೆ. ಉಳಿದದ್ದೆಲ್ಲ ಕಾಗದದ ಆಚೆ.

ಮುದ್ರಣದ ಹಿಂದಿನ ದಿನ ಪುಟ ಜೋಡಿಸುವ ಹುಡುಗ ಮೂರು ಸಲ ಫೋನ್ ಮಾಡಿದ: "ಸಾರ್, ಹುಲಿಯ ತಲೆ ಕತ್ತರಿಸಿ ಹೋಗಿದೆ, ಪೂರ್ತಿ ಚಿತ್ರ ಕಳಿಸಿ."