ರಕ್ತ ಹರಿಯುತ್ತಿರುವಾಗಲೇ ಸ್ಕ್ಯಾನ್: ಕರುಳಿನ ರಕ್ತಸ್ರಾವದ ಜಾಗ ಹುಡುಕುವ ನನ್ನ ಅನುಭವ

ಮಲದಲ್ಲಿ ಕೆಂಪು ರಕ್ತ ಹೋಗುತ್ತಿರುವ ರೋಗಿ ಇದ್ದಾರೆ, ಸಿಟಿ ಮಾಡಿಕೊಡಿ ಎಂದು ತುರ್ತು ವಿಭಾಗದಿಂದ ಫೋನ್ ಬಂದರೆ ನಾನು ಮೊದಲು ಕೇಳುವುದು ಇಷ್ಟೇ: "ಈಗ ಹೋಗ್ತಾ ಇದೆಯೋ, ನಿಂತಿದೆಯೋ?" ರೇಡಿಯಾಲಜಿಸ್ಟ್‌ಗೆ ಮಿಕ್ಕಿದ್ದೆಲ್ಲ ಆಮೇಲೆ. ದೊಡ್ಡಕರುಳಿನ ರಕ್ತಸ್ರಾವ ಒಂದಷ್ಟು ಹೊತ್ತು ಸುರಿಯುತ್ತದೆ, ತಾನಾಗಿ ನಿಲ್ಲುತ್ತದೆ, ಮತ್ತೆ ಯಾವಾಗಲೋ ಶುರುವಾಗುತ್ತದೆ. ನಿಂತಿರುವಾಗ ಎಂಥ ದುಬಾರಿ ಮಷೀನ್ ಆದರೂ ಖಾಲಿ ಚಿತ್ರವನ್ನೇ ಕೊಡುವುದು. ತೂತು ಬಿದ್ದ ಪೈಪನ್ನು ನೀರು ಬಿಟ್ಟಾಗಲೇ ಹುಡುಕಬೇಕಲ್ಲ, ಹಾಗೆ.

ರಕ್ತ ಕಂಡವರಿಗೆಲ್ಲ ಸಿಟಿ ಬೇಕಿಲ್ಲ. ಬಿಪಿ ಸರಿ ಇದ್ದು ಸ್ವಲ್ಪ ರಕ್ತ ಹೋಗಿದ್ದರೆ ಕರುಳು ಸ್ವಚ್ಛ ಮಾಡಿ ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ನೋಡುವುದೇ ಸರಿ. ನಾಡಿಬಡಿತದ ಸಂಖ್ಯೆ ಮೇಲಿನ ಬಿಪಿಯ ಸಂಖ್ಯೆಯನ್ನು ದಾಟಿತೆಂದರೆ ಮಾತ್ರ ಲೆಕ್ಕ ಬೇರೆ. ಅಂಥವರಿಗೆ ಮೊದಲು ಸಿಟಿ ಆಂಜಿಯೋಗ್ರಾಮ್ (ಚಿತ್ರದಲ್ಲಿ ಬೆಳ್ಳಗೆ ಕಾಣುವ ಕಾಂಟ್ರಾಸ್ಟ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಬಿಟ್ಟು ತೆಗೆಯುವ ಸಿಟಿ) ಮಾಡಿ ಎಂದು ಬ್ರಿಟನ್ನಿನ ಜಠರ-ಕರುಳು ತಜ್ಞರ ಸಂಘ 2019ರಲ್ಲೇ ಹೇಳಿತ್ತು. ಜೋರಾಗಿ ರಕ್ತ ಹೋಗುತ್ತಿರುವವರ ವಿಷಯದಲ್ಲಿ 2023ರ ಅಮೆರಿಕನ್ ಮಾರ್ಗಸೂಚಿಯೂ ಅದೇ ದಾರಿ ಹಿಡಿದಿದೆ.

ಎಪ್ಪತ್ತು ದಾಟಿದ ಒಬ್ಬ ರೈತರು ನೆನಪಾಗುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ನುಂಗುತ್ತಿದ್ದವರು. "ಪೈಲ್ಸ್ ಇರ್ಬೇಕು ಅಂತ ಸುಮ್ನಿದ್ವಿ ಸಾರ್, ಬೆಳಿಗ್ಗೆ ಬಾತ್‌ರೂಮಲ್ಲೇ ಕುಸಿದುಬಿಟ್ರು" ಅಂದ ಮಗ. ನಾಡಿ 118, ಬಿಪಿ 92. ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ಬರಲಿ ಎಂದು ಡ್ಯೂಟಿ ಡಾಕ್ಟರು ಕಾಯುತ್ತಿದ್ದರು. ಕಿಡ್ನಿಯ ಚಿಂತೆ ನ್ಯಾಯವಾದದ್ದೇ, ಆದರೆ ಬಿಪಿ ಬಿದ್ದ ಕಿಡ್ನಿಗೆ ಕಾಂಟ್ರಾಸ್ಟ್‌ಗಿಂತ ರಕ್ತ ಕಳೆದುಕೊಳ್ಳುವುದೇ ದೊಡ್ಡ ಅಪಾಯ. ಒಂದು ಕೈಯಲ್ಲಿ ರಕ್ತ ಏರಿಸುತ್ತಲೇ ಟೇಬಲ್ ಮೇಲೆ ಮಲಗಿಸಿಬಿಡಿ ಅಂದೆ.

ತಯಾರಿಯಲ್ಲಿ ನಾನು ಹಠ ಹಿಡಿಯುವ ಸಂಗತಿಗಳಿವೆ. ಕುಡಿಯಲು ಕಾಂಟ್ರಾಸ್ಟ್ ಕೊಡಬಾರದು. ಹೊಟ್ಟೆಯ ಸಿಟಿ ಎಂದ ಕೂಡಲೇ ಬಾಟಲಿ ಕಲಸಿಡುವ ಅಭ್ಯಾಸ ಕೆಲವು ಟೆಕ್ನಿಶಿಯನ್ನರಿಗಿದೆ, ಕರುಳೊಳಗೆ ಆ ಬಿಳುಪು ತುಂಬಿಕೊಂಡರೆ ಸೋರುವ ರಕ್ತ ಅದರಲ್ಲೇ ಮುಚ್ಚಿಹೋಗುತ್ತದೆ. ಮೊಣಕೈ ಮಡಿಕೆಯಲ್ಲಿ 18 ಗೇಜ್‌ನ ದಪ್ಪ ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿಡುವ ಕೊಳವೆ) ಇರಬೇಕು, ಸೆಕೆಂಡಿಗೆ 4ರಿಂದ 5 ಎಂಎಲ್ ವೇಗದಲ್ಲಿ ಔಷಧಿ ನುಗ್ಗಬೇಕು. ಮುಂಗೈಯ ಸಣ್ಣ ಕ್ಯಾನುಲಾದಲ್ಲಿ ಆ ಕೆಲಸ ಆಗದು. ಇನ್ನು ಸ್ಕ್ಯಾನ್ ಗುದದ್ವಾರದ ಕೆಳಗಿನವರೆಗೂ ಬರಬೇಕು. ಮೇಲ್ಗಡೆ ಜಠರ, ಡ್ಯುವೋಡಿನಮ್ (ಸಣ್ಣಕರುಳಿನ ಮೊದಲ ಭಾಗ) ಕೂಡ ಬಿಡುವಂತಿಲ್ಲ, ಏಕೆಂದರೆ ಅಲ್ಲಿನ ಹುಣ್ಣು ಜೋರಾಗಿ ಸುರಿದಾಗ ಕೆಳಗೆ ಕೆಂಪಾಗಿಯೇ ಬರುತ್ತದೆ.

ಚಿತ್ರ ತೆಗೆಯುವುದು ಮೂರು ಸಲ: ಕಾಂಟ್ರಾಸ್ಟ್ ಹಾಕುವ ಮೊದಲು, ಅಪಧಮನಿಯಲ್ಲಿ ಔಷಧಿ ತುಂಬಿದಾಗ, ಸುಮಾರು 70 ಸೆಕೆಂಡ್ ದಾಟಿ ಅಭಿಧಮನಿಗಳಿಗೆ ಬಂದಾಗ. ವಿಕಿರಣ ಉಳಿಸಲು ಮೊದಲನೆಯದನ್ನು ಬಿಡೋಣ ಎನ್ನುವವರಿದ್ದಾರೆ. ನಾನು ಬಿಡುವುದಿಲ್ಲ. ಕಬ್ಬಿಣದ ಮಾತ್ರೆಯ ತುಣುಕು, ಹಿಂದೆ ಹಾಕಿದ ಕ್ಲಿಪ್, ಡೈವರ್ಟಿಕ್ಯುಲಮ್ ಎನ್ನುವ ಪುಟ್ಟ ಚೀಲದಲ್ಲಿ ಗಟ್ಟಿಯಾಗಿ ಕೂತ ಮಲ, ಇವೆಲ್ಲ ಎರಡನೇ ಚಿತ್ರದಲ್ಲಿ ಥೇಟ್ ರಕ್ತದ ಹಾಗೆ ಹೊಳೆಯುತ್ತವೆ. ಮೊದಲ ಚಿತ್ರದಲ್ಲೇ ಅವು ಬೆಳ್ಳಗಿದ್ದರೆ ಅಲ್ಲಿಗೆ ಅನುಮಾನ ಮುಗಿಯಿತು. ನಿಜವಾದ ಸೋರಿಕೆ ಮೊದಲನೆಯದರಲ್ಲಿ ಇರುವುದಿಲ್ಲ, ಎರಡನೆಯದರಲ್ಲಿ ಚುಕ್ಕಿಯಾಗಿಯೋ ಗೆರೆಯಾಗಿಯೋ ಕಾಣುತ್ತದೆ, ಮೂರನೆಯದರಲ್ಲಿ ದೊಡ್ಡದಾಗಿ ಆಕಾರ ಬದಲಿಸುತ್ತದೆ. ಸಣ್ಣ ಸೋರಿಕೆ ಕೆಲವೊಮ್ಮೆ ಮೂರನೆಯದರಲ್ಲಿ ಮಾತ್ರ ಸಿಗುವುದೂ ಉಂಟು. ಮೂರನ್ನೂ ಅಕ್ಕಪಕ್ಕ ಇಟ್ಟುಕೊಂಡು, ಗುದನಾಳದಿಂದ ಹಿಡಿದು ಸೀಕಮ್ (ದೊಡ್ಡಕರುಳು ಶುರುವಾಗುವ ಜಾಗ) ತನಕ ಕರುಳಿನ ಜಾಡು ಬಿಡದೆ ನೋಡುತ್ತಾ ಹೋಗುವುದು ನನ್ನ ರೂಢಿ.

ಆ ರೈತರ ಏರುಕರುಳಿನಲ್ಲಿ, ಲಿವರ್‌ನ ಕೆಳಗೆ ಅದು ತಿರುಗುವ ಜಾಗದಲ್ಲಿ, ಎರಡನೇ ಚಿತ್ರದಲ್ಲಿ ಒಂದು ಬೆಳ್ಳಿ ಚುಕ್ಕಿ. ಮೂರನೆಯದರಲ್ಲಿ ಅದು ಹರಡಿ, ಮಲಗಿದ ಭಂಗಿಯಲ್ಲಿ ಕರುಳಿನ ಹಿಂಭಾಗಕ್ಕೆ ಇಳಿದು ನಿಂತಿತ್ತು. ಡೈವರ್ಟಿಕ್ಯುಲಮ್‌ನಿಂದ ಬರುತ್ತಿದ್ದ ರಕ್ತ. ಈ ಚೀಲಗಳು ಪಾಶ್ಚಾತ್ಯರಲ್ಲಿ ಎಡಗಡೆ ಹೆಚ್ಚು, ಏಷ್ಯಾದವರಲ್ಲಿ ಬಲಗಡೆಯೂ ಸಾಮಾನ್ಯ.

ಜಾಗ ಗೊತ್ತಾದರೆ ಮುಂದಿನವರಿಗೆ ಅರ್ಧ ಕೆಲಸ ಹಗುರ. ಏರುಕರುಳು ಎಂದರೆ ಸುಪೀರಿಯರ್ ಮೆಸೆಂಟರಿಕ್ ಅಪಧಮನಿಯ ಪಾಲು, ಇಳಿಕರುಳಾಗಿದ್ದರೆ ಇನ್‌ಫೀರಿಯರ್. ಕ್ಯಾಥೆಟರ್ (ನಾಳದೊಳಗೆ ತೂರಿಸುವ ತೆಳು ಕೊಳವೆ) ಹಾಕುವವರು ಮೂರ್ನಾಲ್ಕು ನಾಳಗಳನ್ನು ತಡಕಾಡಬೇಕಿಲ್ಲ. ನಮ್ಮಲ್ಲಿ ಆ ಸೌಲಭ್ಯ ಇಲ್ಲದ್ದರಿಂದ ದೊಡ್ಡ ಊರಿಗೆ ಕಳಿಸಿದೆವು, ಚಿತ್ರಗಳು ಆಂಬುಲೆನ್ಸಿಗಿಂತ ಮೊದಲೇ ತಲುಪುವಂತೆ ನೋಡಿಕೊಂಡೆ. ಅಲ್ಲಿ ತೊಡೆಯ ಅಪಧಮನಿಯಿಂದ ಒಳಹೋಗಿ, ಮೈಕ್ರೋಕ್ಯಾಥೆಟರನ್ನು ಕರುಳಿನ ಗೋಡೆ ಮುಟ್ಟುವ ಕೊನೆಯ ಸಣ್ಣ ಕವಲಿನವರೆಗೆ ನೂಕಿ, ನಾಳ ಮುಚ್ಚುವ ಪುಟ್ಟ ಲೋಹದ ಸುರುಳಿ (ಕಾಯಿಲ್) ಕೂರಿಸಿದರು. ಅಷ್ಟು ತುದಿಗೆ ಹೋಗದೆ ಹಿಂದೆಯೇ ಮುಚ್ಚಿದರೆ ಕರುಳಿನ ಆ ತುಂಡು ಕೊಳೆಯುವ ಭಯ. ಹೀಗೆ ನೇರ ನಾಳದೊಳಗೆ ಕಾಂಟ್ರಾಸ್ಟ್ ಬಿಟ್ಟು ಸೋರಿಕೆ ಹಿಡಿಯಬಹುದೆಂದು ಅಮೆರಿಕದ ನುಸ್‌ಬಾಮ್ ಮತ್ತು ಬಾಮ್ ನಾಯಿಗಳ ಮೇಲೆ ತೋರಿಸಿದ್ದು 1963ರಲ್ಲಿ. ನಿಮಿಷಕ್ಕೆ ಅರ್ಧ ಎಂಎಲ್ ಸೋರಿದರೂ ಕಾಣುತ್ತದೆ ಎಂದಿದ್ದರು. ಇವತ್ತಿನ ಸಿಟಿ ಅದಕ್ಕಿಂತ ಕಡಿಮೆಯನ್ನೂ, ಸುಮಾರು 0.3 ಎಂಎಲ್ ಅನ್ನೂ, ಹಿಡಿಯಬಲ್ಲದು, ಅದೂ ತೊಡೆಗೆ ಚುಚ್ಚದೆ.

ಇನ್ನೂ ಸೂಕ್ಷ್ಮವಾದದ್ದು ನ್ಯೂಕ್ಲಿಯರ್ ಸ್ಕ್ಯಾನ್. ರೋಗಿಯದೇ ಕೆಂಪು ರಕ್ತಕಣಗಳಿಗೆ ಟೆಕ್ನೀಷಿಯಮ್-99ಎಂ ಎಂಬ ವಿಕಿರಣ ಸೂಸುವ ವಸ್ತು ಅಂಟಿಸಿ ವಾಪಸ್ ಬಿಟ್ಟರೆ ನಿಮಿಷಕ್ಕೆ 0.1 ಎಂಎಲ್ ಸೋರಿಕೆಯೂ ಕಾಣುತ್ತದೆ. ಬಿಟ್ಟುಬಿಟ್ಟು ಹೋಗುವ ರಕ್ತಕ್ಕೆ ಒಳ್ಳೆಯದು, ಏಕೆಂದರೆ ಗಂಟೆಗಟ್ಟಲೆ ಬಿಟ್ಟು ಮತ್ತೆ ಚಿತ್ರ ತೆಗೆಯಬಹುದು. ಆದರೆ ಯಾವ ಸುರುಳಿಯಿಂದ ಎಂದು ಖಚಿತವಾಗಿ ಹೇಳುವುದು ಕಷ್ಟ, ಈ ಸ್ಕ್ಯಾನ್‌ಗೆ ಬೇಕಾದ ಗಾಮಾ ಕ್ಯಾಮೆರಾ ಇರುವುದೂ ದೊಡ್ಡ ಊರುಗಳಲ್ಲೇ. ನೋವಿಲ್ಲದೆ ರಕ್ತ ಹೋಗುವ ಪುಟ್ಟ ಮಕ್ಕಳಿಗೆ ಮಾತ್ರ ನಾನು ಮೊದಲು ಸೂಚಿಸುವುದು ಟೆಕ್ನೀಷಿಯಮ್‌ನ ಇನ್ನೊಂದು ಪರೀಕ್ಷೆ, ಸಣ್ಣಕರುಳಿನಲ್ಲಿ ಹುಟ್ಟಿನಿಂದಲೇ ಇರುವ ಚೀಲವನ್ನು ಹುಡುಕುವ ಮೆಕೆಲ್ ಸ್ಕ್ಯಾನ್.

ಜ್ವರ ಬಂದು ಎರಡು-ಮೂರು ವಾರವಾದ ಮೇಲೆ ರಕ್ತ ಹೋಗುತ್ತಿದೆ ಎಂದು ಯುವಕರು ಬಂದರೆ ನನ್ನ ಕಣ್ಣು ಮೊದಲು ಸಣ್ಣಕರುಳಿನ ತುದಿಗೆ ಓಡುತ್ತದೆ. ನಮ್ಮ ಕಡೆ ಟೈಫಾಯ್ಡ್ ಹುಣ್ಣು ಇನ್ನೂ ಹೋಗಿಲ್ಲ. ಅಲ್ಲೇ ಗೋಡೆ ದಪ್ಪವಾಗಿ, ನಡುಭಾಗ ಕರಗಿದ ದುಗ್ಧಗ್ರಂಥಿಗಳು ಕಂಡರೆ ಕ್ಷಯದ ಯೋಚನೆ. ಇವು ಪಾಶ್ಚಾತ್ಯ ಪಠ್ಯಪುಸ್ತಕಗಳಲ್ಲಿ ಪಟ್ಟಿಯ ಕೊನೆಗೆ ಬರುವ ಕಾರಣಗಳು.

ಏನೂ ಕಾಣದಿದ್ದಾಗ ರಿಪೋರ್ಟಿನಲ್ಲಿ "ರಕ್ತಸ್ರಾವ ಇಲ್ಲ" ಎಂದು ನಾನು ಬರೆಯುವುದಿಲ್ಲ, "ಸ್ಕ್ಯಾನ್ ಸಮಯದಲ್ಲಿ ಸಕ್ರಿಯ ಸೋರಿಕೆ ಕಂಡಿಲ್ಲ" ಎಂದು ಗಂಟೆ-ನಿಮಿಷ ಸಮೇತ ಬರೆಯುತ್ತೇನೆ. ಆಮೇಲೆ ವಾರ್ಡಿಗೆ ಫೋನ್ ಮಾಡಿ ಸಿಸ್ಟರ್‌ಗೆ ಹೇಳುವುದು ಎರಡೇ ಮಾತು: ಕೊಲೊನೋಸ್ಕೋಪಿಗೆ ಕರುಳು ತೊಳೆಯುವ ಔಷಧಿ ಶುರುಮಾಡಿ, ಮೊಣಕೈಯ ಆ ದೊಡ್ಡ ಕ್ಯಾನುಲಾ ತೆಗೆಯಬೇಡಿ, ರಾತ್ರಿ ಮತ್ತೆ ರಕ್ತ ಹೋದರೆ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಿ. ಮೂರಾಯಿತು ನೋಡಿ, ಮೂರನೆಯದನ್ನೇ ಅವರು ಹೆಚ್ಚಾಗಿ ಪಾಲಿಸುವುದು.